ತಮ್ಮನ ಫೈಲಿನಲ್ಲಿ ನನ್ನ ಮೂರ್ಛೆ

ಆ ಆಸ್ಪತ್ರೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಗಿರಣಿ ಸಾಹುಕಾರರ ಮೇಲಿದೆ, ಸೊರಬದ ಬಸ್ ಮಾಲೀಕನ ಮೇಲಿದೆ. ಅವರನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ಬೈಯಲು ಶುರುಮಾಡಿದರೆ, ನಾನು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಆಡಿದ ಒಂದು ಮಾತು ನಡುವೆ ಬಂದು ಬಾಯಿ ಮುಚ್ಚಿಸುತ್ತದೆ. ಅದನ್ನು ಹೇಳದೆ ಉಳಿದವರನ್ನು ಬೈಯುವುದು ಸರಿಯಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಬರೆಯುವುದು ನಿಧಾನ. ಆದರೂ ಇದನ್ನು ಬೇರೆಯವರ ಕೈಲಿ ಬರೆಸಲಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದೆ. ಮಿಷನ್ನಿಗೆ ಭತ್ತ ಸುರಿಯುವುದು, ಬೆಲ್ಟು ಜಾರಿದರೆ ಮತ್ತೆ ಕೂರಿಸುವುದು ನನ್ನ ಕೆಲಸ. ಅಂಜನಾಪುರ ಡ್ಯಾಮಿನ ನೀರು ಹರಿಯುವ ಕಡೆ ನಮ್ಮದೂ ಸ್ವಲ್ಪ ಗದ್ದೆಯಿತ್ತು. ಅಪ್ಪ ತೀರಿಕೊಂಡ ಮೇಲೆ ನಾನು ಮತ್ತು ನನ್ನ ತಮ್ಮ ಸೇರಿ ಅದನ್ನು ಮಾಡುತ್ತಿದ್ದೆವು. ಒಂದು ದಿನ ಕಾಲುವೆ ಬದುವಿನ ಮೇಲೆ ನಿಂತು ಗದ್ದೆಗೆ ನೀರು ತಿರುಗಿಸುತ್ತಿದ್ದವನು ಹಾಗೇ ಬಿದ್ದುಬಿಟ್ಟೆನಂತೆ. ಎಚ್ಚರವಾದಾಗ ನನ್ನ ಮುಷ್ಟಿಯೊಳಗೆ ತಮ್ಮನ ಸೈಕಲ್ಲಿನ ಬೀಗದ ಕೈ ಇತ್ತು, ಮೂಗಿನ ಮೇಲೆ ಅವನ ಚಪ್ಪಲಿ ಇತ್ತು. ಮೂರ್ಛೆ ಬಂದವರಿಗೆ ನಮ್ಮಲ್ಲಿ ಎಲ್ಲರೂ ಮಾಡುವುದೇ ಅದು.

"ತೆಗಿಯೋ ಅದನ್ನ," ಅಂದೆ.

"ತಡಿಯಣ್ಣ, ಕೆಲಸ ಮಾಡೈತಿ. ನನ್ನ ಚಪ್ಪಲಿ ನಾತಕ್ಕ ಹೆಣನೂ ಎದ್ದು ಕೂರ್ತತಿ," ಅಂದ. ನಗುತ್ತಿದ್ದ, ಆದರೆ ಚಪ್ಪಲಿ ತೆಗೆಯಲಿಲ್ಲ.

ಎರಡನೇ ಸಲ ಮನೆಯಲ್ಲಿ ಬಂತು. ನಾನು ಹೆದರಿದ್ದು ಕಾಯಿಲೆಗಲ್ಲ, ಗಿರಣಿಗೆ. ಅದಕ್ಕೆ ಸ್ವಲ್ಪ ಮುಂಚೆ ನಮ್ಮ ಗಿರಣಿಯಲ್ಲೇ ಚೀಲ ಹೊರುವವನೊಬ್ಬ ಅಂಗಳದಲ್ಲಿ ಹೀಗೇ ಬಿದ್ದಿದ್ದ. ಮಿಷನ್ನಿನಿಂದ ಎಷ್ಟೋ ದೂರದಲ್ಲಿ ಬಿದ್ದಿದ್ದ, ಯಾರಿಗೂ ಏನೂ ಆಗಿರಲಿಲ್ಲ. ಸಾಹುಕಾರರು ಅವತ್ತೇ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಆಮೇಲೆ ಊರಿನ ಯಾವ ಗಿರಣಿಯೂ ಅವನನ್ನು ತೆಗೆದುಕೊಳ್ಳಲಿಲ್ಲ. ಅಂಗಳ ಗುಡಿಸಲಿಕ್ಕಾದರೂ ಇಟ್ಟುಕೊಳ್ಳಬಹುದಿತ್ತಲ್ಲ? ಅಲ್ಲಿ ಎಂಥ ಬೆಲ್ಟಿತ್ತು, ಎಂಥ ಚಕ್ರವಿತ್ತು? ರೋಗಕ್ಕೆ ಮದ್ದು ಕೊಡುವ ಊರಿನಲ್ಲೇ ರೋಗಿಗೆ ಕೂಲಿ ಕೊಡುವವರು ಇರಲಿಲ್ಲ. ಇಂಥ ಕಡೆ ಕಾಯಿಲೆಯನ್ನು ಬಾಯಿಬಿಟ್ಟು ಹೇಳು ಅಂದರೆ ಯಾರು ಹೇಳುತ್ತಾರೆ?

ಆಗ ಊರಿನಲ್ಲಿ ಟ್ರಸ್ಟಿನವರದೊಂದು ಸಣ್ಣ ಆಸ್ಪತ್ರೆಯಿತ್ತು. ನಮ್ಮ ಸಾಹುಕಾರರು ಅದರ ಕಮಿಟಿಯಲ್ಲಿದ್ದರು. ವರಾಂಡದ ಬೆಂಚಿನ ಮೇಲೆ ಅವರ ಹೆಸರನ್ನೇ ಬರೆಸಿದ್ದರು. ಆ ಬೆಂಚಿನ ಮೇಲೆ ಕೂತು ನನ್ನ ಹೆಸರಿನಲ್ಲಿ ಮೂರ್ಛೆಗೆ ಔಷಧಿ ತೆಗೆದುಕೊಂಡರೆ ಸಾಯಂಕಾಲದೊಳಗೆ ಅವರಿಗೆ ಗೊತ್ತಾಗುತ್ತದೆ ಎಂದು ನನಗೆ ಖಾತ್ರಿಯಿತ್ತು. ನಾನು ಹೋಗುವುದಿಲ್ಲ ಎಂದು ಹಟ ಹಿಡಿದೆ. ತಮ್ಮ ಪೆಟ್ಟಿಗೆಯಿಂದ ತನ್ನ ಆಸ್ಪತ್ರೆ ಕಾರ್ಡು ತೆಗೆದು ಕೊಟ್ಟ. ಹಿಂದೆ ಟ್ರ್ಯಾಕ್ಟರಿನ ಟ್ರೇಲರ್ ಮೇಲಿಂದ ಬಿದ್ದು ಬಲಗಾಲು ಮುರಿದುಕೊಂಡಾಗ ಮಾಡಿಸಿದ ಕಾರ್ಡು ಅದು. ಕಾರ್ಡಿನ ಮೇಲೊಂದು ನಂಬರು. ಫೈಲು ಆಸ್ಪತ್ರೆಯಲ್ಲೇ ಇರುತ್ತಿತ್ತು.

"ಇದನ್ನ ತಗಂಡ್ ಹೋಗು. ಕಾಲು ಕೂಡಿದ ಮ್ಯಾಲೆ ನಂಗ್ಯಾಕ ಬೇಕು ಇದು?"

"ನಿನ್ನ ಹೆಸರಲ್ಲಿ ಐತಲ್ಲೋ."

"ಗದ್ದೆ ಪಹಣಿ ಯಾರ ಹೆಸರಲ್ಲೈತಿ? ಅಜ್ಜನ ಹೆಸರಲ್ಲಿ. ಉಳೋರ್ ಯಾರು? ನಾವು. ಇದೂ ಹಂಗ ಅನ್ಕ."

ನಮಗೆ ಅದು ಕಳ್ಳತನ ಅನ್ನಿಸಲೇ ಇಲ್ಲ. ಅಜ್ಜ ಸತ್ತು ಎಷ್ಟೋ ವರ್ಷವಾಗಿದ್ದರೂ ಗದ್ದೆ ಅವನ ಹೆಸರಿನಲ್ಲೇ ಇತ್ತು. ಅಪ್ಪ ಉತ್ತ, ನಾವೂ ಉಳುತ್ತಿದ್ದೆವು. ಕಾಗದದ ಮೇಲಿನ ಹೆಸರು ಮನೆಗೆ ಸೇರಿದ್ದು, ಅದರ ಕೆಳಗೆ ಯಾರು ಬೇಕಾದರೂ ಬಾಳಬಹುದು ಎಂದು ನಾವು ತಿಳಿದಿದ್ದೆವು. ಆಸ್ಪತ್ರೆಯ ಫೈಲೆಂದರೆ ಒಂದೇ ಒಂದು ಮೈಯ ಪಹಣಿ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಆಗಿನ ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಅವರು ಒಂದು ಪದ್ಧತಿ ಮಾಡಿದ್ದರು. ಪ್ರತಿಯೊಬ್ಬ ರೋಗಿಯ ಫೈಲಿನಲ್ಲಿ ಮೊದಲ ಹಾಳೆ ಪೂರ್ತಿ ಆ ಮನುಷ್ಯನ ತೊಂದರೆಗಳ ಪಟ್ಟಿ. ಒಂದೊಂದು ತೊಂದರೆಗೂ ಒಂದೊಂದು ನಂಬರು. ನಾನು ತಮ್ಮನ ಹೆಸರು ಹೇಳಿಕೊಂಡು ಒಳಗೆ ಹೋದಾಗ ಅವರು ಆ ಹಾಳೆ ನೋಡಿ, "ನಂಬರ್ ಒಂದು, ಬಲಗಾಲಿನ ಮೂಳೆ ಮುರಿತ. ಎಲ್ಲಿ, ಕಾಲು ತೋರಿಸು," ಅಂದರು. ನಾನು ಪಂಚೆ ಎತ್ತಿ ಯಾವತ್ತೂ ಮುರಿಯದ ನನ್ನ ಕಾಲನ್ನು ಚಾಚಿದೆ. ಅವರು ಮೊಣಕಾಲಿನಿಂದ ಕೆಳಗೆ ಒತ್ತುತ್ತಾ ಬಂದು ಪಕ್ಕದಲ್ಲಿದ್ದ ನರ್ಸಮ್ಮನಿಗೆ, "ನೋಡಿಮ್ಮ, ಎಷ್ಟು ಚೆನ್ನಾಗಿ ಕೂಡಿದೆ. ಮುರಿದಿತ್ತು ಅಂತ ಗೊತ್ತೇ ಆಗಲ್ಲ," ಅಂದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನಾನೂ ನಕ್ಕೆ. ನಂಬರ್ ಒಂದರ ಮೇಲೆ ಅವರೊಂದು ಗೆರೆ ಎಳೆದರು. ಆಮೇಲೆ ನನ್ನ ಕಥೆ ಪೂರ್ತಿ ಕೇಳಿ ಅದರ ಕೆಳಗೆ ನಂಬರ್ ಎರಡು ಎಂದು ಬರೆದರು. ಫಿಟ್ಸ್.

"ಅಳಿಸೋದಿಲ್ವ ಸಾರ್, ವಾಸಿಯಾದ್ದನ್ನ?" ಎಂದು ಕೇಳಿದೆ.

"ಅಳಿಸೋದಿಲ್ಲಪ್ಪ. ಗೆರೆ ಎಳೀತೀನಿ, ಓದೋಕೆ ಮಾತ್ರ ಬರಬೇಕು. ಒಳಗೆ ಏನು ಬರೆದರೂ ಈ ನಂಬರಿನ ಕೆಳಗೇ ಬರೀತೀನಿ. ನಾಳೆ ನಾನಿಲ್ಲದೆ ಬೇರೆ ಯಾರೇ ಬರಲಿ, ಈ ಒಂದು ಹಾಳೆ ನೋಡಿದರೆ ನೀನು ಯಾರು ಅಂತ ಗೊತ್ತಾಗುತ್ತೆ."

ಆ ಮಾತು ನನಗೆ ಬಹಳ ಹಿಡಿಸಿತು. ಅದಕ್ಕೆ ಮುಂಚೆ ಎಲ್ಲಿಗೆ ಹೋದರೂ ಚೀಟಿ ಕಳೆದು, ಹೊಸದಾಗಿ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಜ್ವರ ಅಂದರೆ ಜ್ವರದ ಗುಳಿಗೆ, ಹೊಟ್ಟೆನೋವು ಅಂದರೆ ಹೊಟ್ಟೆನೋವಿನ ಗುಳಿಗೆ. ಒಬ್ಬ ಮನುಷ್ಯನ ತೊಂದರೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರು ಇವರೊಬ್ಬರೇ. ಆದರೆ ಆ ಪಟ್ಟಿ ಯಾರದೆಂದು ನೋಡಲು ಮುಖವನ್ನೂ ನೋಡಬೇಕು ಎನ್ನುವುದು ಅಷ್ಟು ತಿಳಿದವರಿಗೆ ಹೊಳೆಯಲಿಲ್ಲವಲ್ಲ! ಅದು ನನ್ನ ಮೊದಲ ಸಿಟ್ಟು. ಅವರ ಮೇಲೆ ಪ್ರೀತಿ ಇಟ್ಟುಕೊಂಡೇ ಈ ಸಿಟ್ಟೂ ಇದೆ.

ಮಾತ್ರೆ ಹಿಡಿಯಿತು. ಮೂರ್ಛೆ ನಿಂತಿತು. ತಿಂಗಳಿಗೊಮ್ಮೆ ತಮ್ಮನ ಕಾರ್ಡು ಹಿಡಿದು ಹೋಗುವುದು, ತಮ್ಮನ ಹೆಸರು ಕೂಗಿದರೆ ಏಳುವುದು ನನಗೆ ರೂಢಿಯಾಯಿತು. ಹಳೆಯ ಡಾಕ್ಟರು ವಯಸ್ಸಾಯಿತೆಂದು ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ಅವರ ಜಾಗಕ್ಕೆ ಒಬ್ಬ ಹುಡುಗ ಡಾಕ್ಟರು ಬಂದರು. ಮಾತ್ರೆ ಕೌಂಟರಿನಲ್ಲೇ ಸಿಗುತ್ತಿದ್ದರಿಂದ ಅವರು ನನ್ನನ್ನು ನೋಡಿರಲಿಲ್ಲ.

ಅದೇ ಸಮಯಕ್ಕೆ ತಮ್ಮನಿಗೆ ದೊಡ್ಡ ಗಾಡಿಯ ಲೈಸೆನ್ಸು ಸಿಕ್ಕಿತು. ಅವನಿಗೆ ಚಿಕ್ಕಂದಿನಿಂದ ಬಸ್ಸಿನ ಹುಚ್ಚು. ಎಷ್ಟೋ ವರ್ಷ ಲಾರಿಗಳಲ್ಲಿ ಕ್ಲೀನರ್ ಆಗಿದ್ದು, ಬೈಸಿಕೊಂಡು, ಹೊಡೆಸಿಕೊಂಡು ಕಲಿತಿದ್ದ. ಸೊರಬದ ಮಾಲೀಕನೊಬ್ಬನ ಬಸ್ಸು ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಓಡುತ್ತಿತ್ತು. ಅದರ ಡ್ರೈವರು ಕಣ್ಣು ಮಂಜಾಗಿರುವುದನ್ನು ಮುಚ್ಚಿಟ್ಟು ಬಸ್ಸನ್ನು ಗದ್ದೆಗೆ ಇಳಿಸಿದ್ದ. ಹಾಗಾಗಿ ಮಾಲೀಕ ತಮ್ಮನ ಗಾಡಿ ಓಡಿಸುವ ಕೈ ನೋಡಿ ಒಪ್ಪಿದ ಮೇಲೂ ಒಂದು ಮಾತು ಹೇಳಿದ್ದ: "ಆಸ್ಪತ್ರೆಯಿಂದ ಬರೆಸ್ಕೊಂಡು ಬಾ ಮಾರಾಯ. ಕಣ್ಣು, ಕಿವಿ, ಮೈ, ಎಲ್ಲ ಸರಿ ಇದೆ ಅಂತ."

ತಮ್ಮ ಹೋದ. ನಾನೂ ಜೊತೆಗೆ ಹೋದೆ. ಯಾಕೆ ಹೋದೆನೋ! ಕಾರ್ಡಿನ ವಿಷಯ ಇಬ್ಬರಿಗೂ ನೆನಪಿತ್ತು. ದಾರಿಯಲ್ಲಿ ಇಬ್ಬರೂ ಅದನ್ನು ಎತ್ತಲಿಲ್ಲ. ಕಣ್ಣು ನೋಡಿ ಕಳಿಸುತ್ತಾರೆ, ಹಳೇ ಫೈಲು ಯಾರು ತೆಗೆಯುತ್ತಾರೆ ಎಂದುಕೊಂಡಿದ್ದೆವು.

ಕೌಂಟರಿನ ಅಮ್ಮ ಹೆಸರು ಕೇಳಿ ಫೈಲು ತೆಗೆದರು. ಹುಡುಗ ಡಾಕ್ಟರು ಅಲ್ಲೇ ನಿಂತು ಮೊದಲ ಹಾಳೆ ನೋಡಿ, ತಲೆಯೆತ್ತದೆ, "ನಂಬರ್ ಎರಡು, ಫಿಟ್ಸ್. ಪ್ರತಿ ತಿಂಗಳು ಮಾತ್ರೆ. ಬಸ್ ಓಡಿಸೋಕೆ ಸರ್ಟಿಫಿಕೇಟ್ ಬೇಕಾ ನಿನಗೆ? ಎಷ್ಟು ಧೈರ್ಯ!" ಅಂದರು. ವರಾಂಡದಲ್ಲಿ ಕೂತಿದ್ದವರೆಲ್ಲ ತಿರುಗಿದರು.

ತಮ್ಮ ನೆಲ ನೋಡುತ್ತಾ ನಿಂತ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಇದು ನಮ್ಮ ಅಣ್ಣಂದು ಅಂತ. ಹೇಳಲಿಲ್ಲ. ಆಗ ಕೌಂಟರಿನ ಅಮ್ಮ ನನ್ನ ಮುಖ ನೋಡಿ, "ಹೌದೇನ್ರೀ, ತಿಂಗಳ ತಿಂಗಳ ಮಾತ್ರೆ ತಗೊಳ್ಳಕ್ಕೆ ನೀವಲ್ವ ಬರೋದು?" ಎಂದು ಕೇಳಿದರು.

ದೇವರು ಬಾಗಿಲು ತೆರೆದು ಕೊಟ್ಟ ಹಾಗಿತ್ತು. ಹೌದಮ್ಮ, ಕಾಯಿಲೆ ನನ್ನದು, ಅಂದರೆ ಮುಗಿಯುತ್ತಿತ್ತು. ಬೆಂಚಿನ ಮೇಲಿದ್ದ ಸಾಹುಕಾರರ ಹೆಸರು ಕಣ್ಣಿಗೆ ಬಿತ್ತು. ನಾನು ಹೇಳಿದ್ದು ಇದು:

"ತಮ್ಮಂಗೇ ಅಮ್ಮ. ಅವನಿಗೆ ಪುರುಸೊತ್ತಿರಲ್ಲ ಅಂತ ನಾನು ಬಂದು ತಗಂಡ್ ಹೋಗ್ತಿದ್ದೆ."

ಸುಮ್ಮನಿದ್ದರೆ ಅಂಜಿಕೆ ಅನ್ನಬಹುದಿತ್ತು. ನಾನು ಸುಮ್ಮನಿರಲಿಲ್ಲ. ಬಾಯಾರೆ ಹೇಳಿ ಅವನ ತಲೆಗೆ ಕಟ್ಟಿದೆ. ತಮ್ಮ ಒಂದು ಸಲ ನನ್ನ ಕಡೆ ನೋಡಿ ಮತ್ತೆ ನೆಲ ನೋಡಿದ. ಡಾಕ್ಟರು, ಇವನು ಗಾಡಿ ಓಡಿಸಬಾರದು ಎಂದು ಕಾಗದ ಬರೆದು ಕೈಗೆ ಕೊಟ್ಟರು. ಹಳೆಯ ಡಾಕ್ಟರು ಹೇಳಿದ್ದೇ ಆಯಿತು. ಬೇರೆ ಯಾರೋ ಬಂದರು, ಒಂದು ಹಾಳೆ ನೋಡಿದರು, ತಮ್ಮ ಯಾರು ಎಂದು ತೀರ್ಮಾನ ಮಾಡಿದರು.

ಬಸ್ ಮಾಲೀಕನಿಗೆ ಕರುಣೆ ಬಂತಂತೆ. ಎಂಥ ಕರುಣೆ! ಬಾಗಿಲಲ್ಲಿ ನಿಂತು ಜನ ಕರೆಯುವ ಕ್ಲೀನರ್ ಕೆಲಸ ಕೊಟ್ಟ. ಮೂರ್ಛೆ ಇರುವವನೆಂದು ನಂಬಿದ ಮೇಲೆ ಅವನನ್ನು ಓಡುವ ಬಸ್ಸಿನ ಬಾಗಿಲಲ್ಲಿ ನಿಲ್ಲಿಸುವುದು ಯಾವ ಕರುಣೆ? ಬಿದ್ದರೆ ಒಬ್ಬನೇ ಬೀಳಲಿ, ಬಸ್ಸು ಉಳಿಯಲಿ ಎನ್ನುವ ಲೆಕ್ಕ ಅದು. ತಮ್ಮ ಒಪ್ಪಿಕೊಂಡ. ಸ್ಟೇರಿಂಗ್ ಹತ್ತಿರ ಇದ್ದರೆ ಯಾವತ್ತಾದರೂ ಕೈಗೆ ಬರಬಹುದು ಅಂದುಕೊಂಡನೋ ಏನೋ. ಬಸ್ ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನ ಹುಡುಗರು ಅವನಿಗೆ ಚಪ್ಪಲಿ ತೋರಿಸಿ, "ಮೂಸ್ತೀಯೇನೋ?" ಎಂದು ರೇಗಿಸುತ್ತಿದ್ದರು. "ನಿಮ್ಮವ್ವಂಗೆ ಮೂಸು ಅನ್ನು, ಅದನ್ನ ತೊಳೆಸ್ತಾಳೆ," ಎಂದು ಅವನೂ ತಿರುಗಿಸಿ ಬೈಯುತ್ತಿದ್ದ. ನಾನು ಗಿರಣಿಯಿಂದ ಬರುವಾಗ ಇದನ್ನು ಕಿವಿಯಾರೆ ಕೇಳಿ, ತಲೆ ತಗ್ಗಿಸಿ ದಾಟಿ ಹೋಗಿದ್ದೇನೆ. ಒಂದು ದಿನವಲ್ಲ.

ಅವನಿಗೆ ಮಾತಾಡಿದ್ದ ಹೆಣ್ಣಿನ ಕಡೆಯವರೂ ಸುದ್ದಿ ಕೇಳಿ ಹಿಂದೆ ಸರಿದರು. ಆ ದಿನ ನನ್ನ ಹೆಂಡತಿ ಊಟಕ್ಕೆ ಬಡಿಸಿ, ತಟ್ಟೆಯನ್ನು ನನ್ನ ಮುಂದೆ ಇಡದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಉಣ್ಣೋದಾದ್ರೂ ನಿಮ್ಮ ಹೆಸರಲ್ಲಿ ಉಣ್ತೀರೋ, ಇದೂ ಅವರ ಹೆಸರಲ್ಲೋ?" ಅಂದಳು.

"ಕೆಲಸ ಹೋದ್ರೆ ಮಕ್ಕಳಿಗೆ ಏನ್ ಹಾಕ್ತೀಯ?"

"ಅದನ್ನ ನಾನು ನೋಡ್ಕಂತೀನ್ರೀ. ಮೊದ್ಲು ಹೋಗಿ ಹೇಳಿ."

ಮರುದಿನ ಗಿರಣಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಕಾಯಿಲೆ ನನ್ನದು, ತಮ್ಮನದಲ್ಲ ಎಂದು ಹುಡುಗ ಡಾಕ್ಟರಿಗೆ ಹೇಳಿದೆ. ಅವರು ನಕ್ಕರು.

"ತಮ್ಮನಿಗೆ ಸರ್ಟಿಫಿಕೇಟ್ ಸಿಗಲಿ ಅಂತ ನೀನು ಮೈಮೇಲೆ ಹಾಕ್ಕೊಳ್ತಿದೀಯ. ಇಲ್ಲಿ ಸ್ಪಷ್ಟವಾಗಿ ಬರೆದಿದೆ."

"ಬರೆದಿದ್ದು ನನ್ನ ಎದುರಿಗೇ ಸಾರ್. ನಾನೇ ಹೇಳಿ ಬರೆಸಿದ್ದು."

"ನೀನೇ ಅವತ್ತು ತಮ್ಮಂಗೆ ಅಂದೆಯಲ್ಲ?"

ನನ್ನ ಸುಳ್ಳನ್ನು ಒಂದು ಮಾತಿಗೆ ನಂಬಿದವರು ನನ್ನ ನಿಜಕ್ಕೆ ಸಾಕ್ಷಿ ಕೇಳುತ್ತಿದ್ದರು. ಮೂರ್ಛೆ ಬರುವ ಮೈ ಎದುರಿಗೆ ನಿಂತು ಕೂಗಿ ಹೇಳುತ್ತಿದೆ, ಅವರು ಹಾಳೆಯ ಮೇಲೆ ಬೆರಳಿಟ್ಟು ಇಲ್ಲ ಅನ್ನುತ್ತಿದ್ದಾರೆ. ನನಗೆ ತಡೆಯದ ಸಿಟ್ಟು ಬಂತು. ಅಲ್ಲೇ ಪಂಚೆ ಎತ್ತಿ ಬಲಗಾಲನ್ನು ಅವರ ಮೇಜಿನ ಅಂಚಿಗೆ ಇಟ್ಟೆ.

"ನಂಬರ್ ಒಂದು ಓದಿ ಸಾರ್. ಕಾಲು ಮುರಿದಿತ್ತು ಅಂತ ಐತಲ್ಲ, ಅದೂ ನಿಮ್ಮ ಫೈಲೇ ಅಲ್ವ? ಈ ಕಾಲು ಮುರಿದಿದ್ರೆ ತೋರ್ಸಿ. ಬೇಕಾದ್ರೆ ಮೂಳೆ ಫೋಟೋ ತೆಗೀರಿ. ನಮ್ಮ ತಮ್ಮಂದೂ ತೆಗೀರಿ. ಒಳಗೆ ನಂಬರ್ ಎರಡರ ಕೆಳಗೆ ತೂಕ ಬರೆದೈತಿ, ಎತ್ತರ ಬರೆದೈತಿ. ಅವನು ನನಗಿಂತ ಗೇಣುದ್ದ ಎತ್ತರ ಅದಾನೆ. ಒಬ್ಬ ಮನುಷ್ಯ ಕಾಯಿಲೆ ಬಂದು ಗೇಣುದ್ದ ಗಿಡ್ಡ ಆಗ್ತಾನಾ?"

ಕಾಲು ತೆಗಿ ಎಂದು ಗದರಿಸಿದರು. ಆದರೂ ಫೈಲಿನೊಳಗೆ ಕಣ್ಣು ಹಾಯಿಸಿದರು. ಹಾಳೆ ಹಿಂದೆ ಮುಂದೆ ಮಾಡಿದರು. ಅವರ ಕಿವಿ ಕೆಂಪಾಗುವುದು ಕಂಡಿತು. ಕೊನೆಗೆ ತಮ್ಮನನ್ನೂ ಕರೆಸಿ ಇಬ್ಬರ ಕಾಲಿನ ಎಕ್ಸ್‌ರೇ ತೆಗೆಸಿದರು. ತಮ್ಮನ ಮೂಳೆಯಲ್ಲಿ ಹಳೆಯ ಗಂಟು ಇತ್ತು. ನನ್ನದರಲ್ಲಿ ಏನೂ ಇರಲಿಲ್ಲ.

ತಪ್ಪಾಯಿತು ಎಂದು ಅವರು ಹೇಳಲಿಲ್ಲ. "ನಿಮ್ಮಂಥವರಿಗೆ ಎಷ್ಟು ವ್ಯವಸ್ಥೆ ಮಾಡಿದರೂ ಹಾಳುಮಾಡ್ತೀರಿ," ಅಂದರು. ನಿಜ, ಹಾಳುಮಾಡಿದ್ದು ನಾವೇ. ಆದರೆ ಇಬ್ಬರು ಮನುಷ್ಯರು ಒಂದೇ ಫೈಲಿನಲ್ಲಿ ಅಷ್ಟು ದಿನ ಕೂತಿದ್ದರೂ ಓದು ಬಲ್ಲವರೊಬ್ಬರಿಗೂ ಕಾಣಲಿಲ್ಲವಲ್ಲ, ಅದಕ್ಕೆ ಏನನ್ನಬೇಕು? ನಂಬರ್ ಎರಡನ್ನು ಹರಿದುಹಾಕಿ ಎಂದು ಬೇಡಿದೆ. ಹರಿಯುವುದಿಲ್ಲ, ಗೆರೆ ಎಳೆದು, ಇವನದಲ್ಲ ಎಂದು ಪಕ್ಕಕ್ಕೆ ಬರೆಯುತ್ತೇನೆ ಅಂದರು. ತಮ್ಮನಿಗೆ ಸರ್ಟಿಫಿಕೇಟು ಬರೆದರು. ನನಗೆ ಹೊಸ ಫೈಲು ಮಾಡಿ, ಹೊರಗೆ ಕೂರಲು ಹೇಳಿದರು. ಸ್ವಲ್ಪ ಹೊತ್ತಿಗೆ ಕೌಂಟರಿನಿಂದ ನನ್ನ ಹೆಸರು ಕೂಗಿದರು. ನಾನು ಏಳಲೇ ಇಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಕೂತೇ ಇದ್ದೆ. ಕೌಂಟರಿನ ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ಮೇಲಾದ್ರೂ ನೀವು ನೀವಾಗಿ ಬರ್ರೀ," ಅಂದರು. ಆ ಮಾತಿಗೆ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಸರ್ಟಿಫಿಕೇಟು ತೆಗೆದುಕೊಂಡು ನಾನೇ ಸೊರಬಕ್ಕೆ ಹೋದೆ. ತಮ್ಮ ಬಸ್ಸಿನ ಬಾಗಿಲಲ್ಲೇ ಇದ್ದ. ಮಾಲೀಕ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಾಲ್ಕು ಜನರ ಜೊತೆ ಚಾ ಕುಡಿಯುತ್ತಿದ್ದ. ಕಾಗದ ಕೊಟ್ಟೆ. ಓದಿ, "ಅವತ್ತು ಇದೆ ಅಂದ್ರು, ಇವತ್ತು ಇಲ್ಲ ಅಂತಾರೆ. ಎಂತದು ಇದು?" ಎಂದು ಕೇಳಿದ.

"ಅದು ನನ್ನ ಕಾಯಿಲೆ. ಅವನ ಹೆಸರಲ್ಲಿ ನಾನು ಮಾತ್ರೆ ತಿಂತಿದ್ದೆ. ಕೇಳಿದಾಗ ಸುಳ್ಳು ಹೇಳಿದೆ," ಅಂದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ನೀನು ಆ ಅಕ್ಕಿ ಗಿರಣಿಯವನಲ್ಲವಾ? ಬೆಲ್ಟಿನ ಹತ್ರ ಇರೋನು? ನಿಮ್ಮ ಸಾಹುಕಾರರು ನಮಗೆ ಬೇಕಾದವರು ಮಾರಾಯ."

"ಹೌದು, ಅವನೇ."

ಅವನು ಕಾಗದ ಮಡಿಸಿ ವಾಪಸ್ಸು ಕೊಟ್ಟ. "ಒಂದು ಮನೇಲಿ ಇಬ್ಬರು. ಇವತ್ತು ಅಣ್ಣಂಗೆ, ನಾಳೆ ತಮ್ಮಂಗೆ. ಜನ ಹತ್ತೋ ಗಾಡಿ ಇದು. ಒಂದ್ಸಲ ಬರೆದಿದಾರೆ ಅಂದಮೇಲೆ ಏನೋ ಇದ್ದೇ ಇರುತ್ತೆ. ಬೇಜಾರು ಮಾಡ್ಕೋಬೇಡ."

ನಾನು ಕೂಗಾಡಿದೆ. ಗೆರೆ ಎಳೆದಿದ್ದಾರೆ, ಇವನದಲ್ಲ ಎಂದು ಡಾಕ್ಟರೇ ಬರೆದಿದ್ದಾರೆ, ಆವತ್ತು ನಂಬಿದ ಕೈಬರಹವನ್ನೇ ಇವತ್ತು ಯಾಕೆ ನಂಬುವುದಿಲ್ಲ ಎಂದು ಕೇಳಿದೆ. ಚಾ ಕುಡಿಯುತ್ತಿದ್ದವರಲ್ಲಿ ಒಬ್ಬ, "ಹಿಡ್ಕಳ್ರೋ, ಈಗ ಇವನಿಗೆ ಬಂದೀತು," ಅಂದ. ಎಲ್ಲರೂ ನಕ್ಕರು. ತಮ್ಮ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಸ್ಸು ಹತ್ತಿಸಿದ.

ಆ ವಾರ ಮುಗಿಯುವುದರೊಳಗೆ ಸಾಹುಕಾರರು ನನ್ನನ್ನು ಕರೆಸಿ ಕೆಲಸ ಬಿಡಿಸಿದರು. ಬೆಲ್ಟಿನ ಹತ್ತಿರ ಇರಬಾರದಿತ್ತು, ಅದು ನನಗೂ ಗೊತ್ತಿತ್ತು. ಅಂಗಳದಲ್ಲಿ ಚೀಲ ಹೊಲಿಯುತ್ತೇನೆ ಎಂದು ಕೇಳಿಕೊಂಡೆ. ಆಗುವುದಿಲ್ಲ ಅಂದರು. ಆಮೇಲೆ ಗದ್ದೆ, ಕೂಲಿ, ಹೇಗೋ ಬದುಕಿದೆವು. ತಮ್ಮನಿಗೆ ಬಸ್ಸು ಯಾವತ್ತೂ ಸಿಗಲಿಲ್ಲ. ಕೆಲವು ವರ್ಷಗಳ ಮೇಲೆ ಶುಂಠಿ ತುಂಬುವ ಲಾರಿಯೊಂದಕ್ಕೆ ಡ್ರೈವರ್ ಆದ. ಚೀಲಗಳಿಗೆ ಯಾರ ಸರ್ಟಿಫಿಕೇಟೂ ಬೇಕಿರಲಿಲ್ಲ.

ಆದರೆ ನಾನು ಮರೆಯದೇ ಇರುವುದು ಅವತ್ತು ಸೊರಬದಿಂದ ವಾಪಸ್ಸು ಬಂದ ದಾರಿ. ಹಿಂದಿನ ಸೀಟಿನಲ್ಲಿ ಕೂತು ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಶಿರಾಳಕೊಪ್ಪದಲ್ಲಿ ಜನ ಇಳಿದು ಬಸ್ಸು ಸ್ವಲ್ಪ ಖಾಲಿಯಾಯಿತು. ಅವನು ಬಂದು ನನ್ನ ಪಕ್ಕ ಕೂತ. ಈಗ ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದು ಕಾದಿದ್ದೆ.

"ಅವತ್ತ ನೀ ಹೇಳಿದ್ರ..." ಎಂದು ಶುರುಮಾಡಿ ನಿಲ್ಲಿಸಿದ. ಆಮೇಲೆ, "ಇವತ್ತು ಗುಳಿಗೆ ತಗಂಡಿಯೇನಣ್ಣ?" ಅಂದ.

"ತಗಂಡೀನಿ."

"ಬಿಸಿಲಾಗ ಕೂಗಾಡ್ಬ್ಯಾಡ."

ಡ್ರೈವರು ಹಾರನ್ ಹೊಡೆದ. ತಮ್ಮ ಎದ್ದು ಬಾಗಿಲಿಗೆ ಹೋಗಿ, ಕಂಬಿ ಹಿಡಿದು ಹೊರಗೆ ಬಾಗಿ, ಶಿಕಾರಿಪುರ, ಶಿಕಾರಿಪುರ ಎಂದು ಗಂಟಲು ಹರಿಯುವ ಹಾಗೆ ಕೂಗತೊಡಗಿದ. ಅವನ ಮೇಲೂ ನನಗೆ ಸಿಟ್ಟಿದೆ. ಅವತ್ತು ಕೌಂಟರಿನ ಮುಂದೆ ನನ್ನನ್ನು ಉಳಿಸಿದ್ದಕ್ಕೆ, ಈ ಬಸ್ಸಿನಲ್ಲಿ ಬೈಯದೆ ಬಿಟ್ಟಿದ್ದಕ್ಕೆ. ಎರಡರಲ್ಲಿ ಒಂದನ್ನಾದರೂ ಅವನು ಮಾಡದಿದ್ದರೆ ನಾನು ಇಷ್ಟು ವರ್ಷ ಊರವರನ್ನೆಲ್ಲ ಬೈಯುತ್ತಾ ಕೂರಬೇಕಾಗುತ್ತಿರಲಿಲ್ಲ.